ರಂಜಾನ್ ತಿಂಗಳಲ್ಲಿ ಉಪ್ಪು ನೋಡುವವಳು

ನೀರಿನ ಪೈಪಿಗೆ ಸೌಟು ಬಡಿದ ಸದ್ದು. ಮೂರು ಬಡಿತ, ನಡುವೆ ಒಂದೊಂದು ಉಸಿರಿನಷ್ಟು ಬಿಡುವು. ನಮ್ಮ ಅಡಿಗೆಮನೆಯ ಕಿಟಕಿಯ ಪಕ್ಕದಲ್ಲಿ ಹುಟ್ಟಿ, ತುಕ್ಕು ಹಿಡಿದ ಕಬ್ಬಿಣದೊಳಗೆ ನಡುಗುತ್ತ ಮೇಲೇರಿ, ಮೇಲಿನ ಮನೆಯ ಬಚ್ಚಲಲ್ಲಿ ಅದು ಮುಗಿಯುತ್ತಿತ್ತು. ರಂಜಾನ್ ತಿಂಗಳಲ್ಲಿ ಇಳಿಹೊತ್ತಿನ ಅಸರ್ ನಮಾಜು ಆಗಿ ಅರ್ಧ ಗಂಟೆಯೊಳಗೆ ಆ ಸದ್ದು ಕೇಳಿಸದಿದ್ದರೆ ಎದುರು ಮನೆಯ ಕಿಟಕಿಯಿಂದ ಯಾರಾದರೂ ಕೂಗಿಯೇ ಕೂಗುತ್ತಿದ್ದರು: “ಏನ್ರೀ ನಾಜಿಕ್, ಇವತ್ತು ಒಲೆ ಹಚ್ಚಿಲ್ವಾ?”

ಸದ್ದಿನ ಬೆನ್ನಿಗೇ ಮೆಟ್ಟಿಲ ಮೇಲೆ ಚಪ್ಪಲಿಯ ಸಪ್ಪಳ. ಲಬೀಬೆ ಇಳಿದು ಬರುತ್ತಿದ್ದಳು.

ಲಬೀಬೆ ನನ್ನ ಚಿಕ್ಕಜ್ಜಿ. ನನ್ನ ಅಜ್ಜಿ ನಾಜಿಕ್ ಮತ್ತು ಅವಳು ವಾರಗಿತ್ತಿಯರು. ಅಣ್ಣ ಮುನೀರನನ್ನು ಅಜ್ಜಿ ಮದುವೆಯಾಗಿದ್ದಳು, ತಮ್ಮ ಫೌಜಿಯನ್ನು ಲಬೀಬೆ. ಅಜ್ಜಿಗೆ ದಿನಕ್ಕೆ ಐದು ಹೊತ್ತಿನ ನಮಾಜು. ಲಬೀಬೆಗೆ ಭಾನುವಾರದ ಇಗರ್ಜಿ, ಮಂಚದ ತಲೆದೆಸೆಯಲ್ಲಿ ಕುದುರೆಯೇರಿದ ಸಂತ ಜಾರ್ಜನ ಪಟ, ಅದರ ಮುಂದೆ ಎಣ್ಣೆಯ ಪುಟ್ಟ ದೀಪ. ಮದುವೆಗೆ ಮುಂಚೆ ಫೌಜಿ ಅವಳಿಗೆ ಹೇಳಿದ್ದು ಒಂದೇ ಮಾತಂತೆ: “ನಿನ್ನ ದೇವರನ್ನ ಕರ್ಕೊಂಡೇ ಬಾ, ಮೇಲಿನ ಮನೇಲಿ ಜಾಗ ಇದೆ.”

ಹೀಗಾಗಿ ರಂಜಾನ್‌ನಲ್ಲಿ ಹಗಲು ಹೊತ್ತು ಬಾಯಿಗೆ ಏನಾದರೂ ಹಾಕಬಹುದಾದ ಒಬ್ಬಳೇ ಒಬ್ಬಳು ನಮ್ಮ ಮನೆಯಲ್ಲಿ ಲಬೀಬೆ. ಬೆಳಗಿನಿಂದ ಒಂದು ಗುಟುಕು ನೀರಿಲ್ಲದೆ ಅಡಿಗೆ ಮಾಡುವ ಅಜ್ಜಿಗೆ ಉಪ್ಪು ನೋಡಿಕೊಡುವ ಕೆಲಸ ಅವಳದಾಗಿತ್ತು. ಸೌಟಿನಿಂದ ಎಡಗೈಯ ಅಂಗೈಗೆ ಎರಡು ಹನಿ ಬಿಟ್ಟುಕೊಳ್ಳುವಳು. ಆರಲು ಸ್ವಲ್ಪ ಕಾಯುವಳು. ನಾಲಿಗೆಯ ತುದಿಯಿಂದ ಮುಟ್ಟಿ, ಮಾಡಿನ ಕಡೆ ನೋಡುತ್ತ ನಿಲ್ಲುವಳು, ಅಲ್ಲಿ ಯಾರೋ ಉತ್ತರ ಬರೆದಿಟ್ಟಿದ್ದಾರೋ ಎಂಬಂತೆ. ಅಜ್ಜಿ ಚಿಟಿಕೆಯಲ್ಲಿ ಉಪ್ಪು ಹಿಡಿದು ಕಾಯುವಳು.

“ನಾಚ್ಕೊಂಡಿದೆ,” ಎಂದರೆ ಇನ್ನೂ ಉಪ್ಪು ಬೇಕು. “ಮಾತಾಡ್ತಿದೆ,” ಎಂದರೆ ಸರಿಯಾಗಿದೆ. “ಕಿರುಚ್ತಿದೆ,” ಎಂದರೆ ಒಂದು ಆಲೂಗಡ್ಡೆ ಹೆಚ್ಚಿ ಹಾಕಬೇಕು. ಅವಳ ಈ ಮೂರು ಮಾತು ಓಣಿಗೆಲ್ಲ ಬಾಯಿಪಾಠ. ಅಕ್ಕಪಕ್ಕದವರೂ ಬಟ್ಟಲಲ್ಲಿ ಸಾರು ಮುಚ್ಚಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು.

ಉಪ್ಪು ನೋಡುವುದು ಅವಳ ಕೆಲಸ. ಪ್ರಶ್ನೆ ಕೇಳುವುದು ಅವಳ ಚಟ. ಸಂಜೆ ಉಪವಾಸ ಬಿಡುವ ಇಫ್ತಾರ್‌ಗೆ ಅಜ್ಜಿ ಮೂರು ಖರ್ಜೂರ ಎತ್ತಿಟ್ಟುಕೊಂಡರೆ ಪಕ್ಕದಲ್ಲಿ ಕೂತು ಕೇಳುವಳು, “ಮೂರೇ ಯಾಕಕ್ಕ? ನಾಲ್ಕು ತಿಂದ್ರೆ ಏನಾಗುತ್ತೆ?”

“ಅದು ಪದ್ಧತಿ ಕಣೇ. ನಿಮ್ಮ ಪಾದ್ರಿ ಸತ್ತೋರ ಹೆಸರಲ್ಲಿ ಗೋಧಿ ಬೇಯಿಸಿ ಹಂಚ್ತಾರಲ್ಲ, ಅದು ಯಾಕೆ?”

“ಅದನ್ನೂ ಕೇಳ್ದೆ. ಅವರೂ ಪದ್ಧತಿ ಅಂದ್ರು.”

“ನೋಡು ಮತ್ತೆ.”

“ಏನ್ ನೋಡೋದು? ಇಬ್ಬರಿಗೂ ಗೊತ್ತಿಲ್ಲ ಅಂತಾಯ್ತು.”

ಮುನೀರಜ್ಜ ನಕ್ಕು ಕೆಮ್ಮುತ್ತಿದ್ದ. ಅಜ್ಜಿ ಸೌಟು ತೋರಿಸುತ್ತಿದ್ದಳು.

ಅವಳು ಹುಟ್ಟಿದ್ದು ಲೆಬನಾನಿನ ಟ್ರಿಪೋಲಿಗೆ ಅಂಟಿಕೊಂಡ ನಮ್ಮ ಬಂದರು ಊರು ಅಲ್-ಮೀನಾದಲ್ಲೇ, ಬಂದರಿಗೆ ಇನ್ನೂ ಹತ್ತಿರದ ಓಣಿಯಲ್ಲಿ. ತಂದೆ ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ತೆಗೆಯುವವನು. ಅವನ ದೋಣಿಯ ಎಂಜಿನ್ ರಿಪೇರಿಗೆ ಬರುತ್ತಿದ್ದ ಹುಡುಗನೇ ಫೌಜಿ. ಎಂಜಿನ್ ಅಷ್ಟು ಸಲ ಯಾಕೆ ಕೆಡುತ್ತಿತ್ತು ಎನ್ನುವುದು ತಂದೆಗೆ ತಿಳಿಯುವ ಹೊತ್ತಿಗೆ ಮದುವೆಯಾಗಿ ಹೋಗಿತ್ತು. ಮೂರು ವರ್ಷ ಅವನು ನಮ್ಮ ಓಣಿಯ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಬಂದು ಕೆಳಗೆ ಬೀದಿಯಲ್ಲಿ ನಿಂತ. ಮೇಲೆ ಹತ್ತಲಿಲ್ಲ. ಲಬೀಬೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟಳು, ತರಕಾರಿಯವನಿಗೆ ಬಿಡುವ ಹಾಗೆ. ಅವನು ಅದರಲ್ಲಿ ಒಂದು ಸ್ಪಂಜು ಇಟ್ಟು ಹೊರಟುಹೋದ. ಅದು ಈಗಲೂ ಅವಳ ಬಚ್ಚಲಲ್ಲಿದೆ, ಉಪಯೋಗಿಸಿ ಉಪಯೋಗಿಸಿ ಮೊಟ್ಟೆಯಷ್ಟಾಗಿದೆ.

ಗಂಡನ ಮನೆಯ ಕಡೆಯ ಕಥೆಯೂ ಸಿಹಿಯಾಗಿರಲಿಲ್ಲ. ಅತ್ತೆ ಹಜ್ಜಾ ಸಬೀಹಾ, ನನ್ನ ಮುತ್ತಜ್ಜಿ, ಮೊದಲ ಮೂರು ತಿಂಗಳು ಹೊಸ ಸೊಸೆಯನ್ನು ಹೆಸರು ಹಿಡಿದು ಕರೆಯಲಿಲ್ಲ. “ಮೇಲಿನವಳಿಗೆ ಊಟ ಕಳಿಸಿ,” “ಮೇಲಿನವಳು ನೀರು ಚೆಲ್ಲಿದ್ದಾಳೆ.” ಲಬೀಬೆ ಮೇಲೆ ಬಾಗಿಲು ಹಾಕಿಕೊಂಡು, ಫೌಜಿ ಬರುವ ತನಕ ಹಾಸಿಗೆಯ ಮೇಲೆ ಕೂತಿರುತ್ತಿದ್ದಳು. ಅಷ್ಟರಲ್ಲಿ ರಂಜಾನ್ ಬಂತು. ಮೂರನೆಯ ದಿನ ಸಂಜೆ ಪೈಪಿನ ಮೇಲೆ ಸೌಟು ಬಡಿದ ಸದ್ದಾಯಿತು. ಇವಳು ಹೆದರಿ ಕೆಳಗೆ ಬಂದರೆ ಅತ್ತೆ ಸೌಟನ್ನು ಮುಂದೆ ಹಿಡಿದು ಒಂದೇ ಮಾತು ಹೇಳಿದಳು: “ನೋಡು.”

ಈ ಕಥೆಯನ್ನು ಲಬೀಬೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. “ಉಪವಾಸ ಇರೋ ಹೆಂಗಸರು ನಾಲ್ಕು ಜನ ನಿಂತು ನನ್ನ ಬಾಯಿನೇ ನೋಡ್ತಿದ್ರು. ಮುಖದ ಮೇಲೆ ಉಗಿದಿದ್ರೂ ಅಷ್ಟು ಅವಮಾನ ಆಗ್ತಿರ್ಲಿಲ್ಲ. ನೀನು ನಮ್ಮೋಳಲ್ಲ, ಇಗೋ ತಿನ್ನು ಅಂದ ಹಾಗಿತ್ತು.” ಆದರೂ ಮಾರನೆಯ ದಿನ ಇಳಿದಳು. ಅದರ ಮಾರನೆಯ ದಿನವೂ. ಮುಂದಿನ ವರ್ಷ ಅವಳೇ ಸದ್ದಿಗೆ ಕಿವಿಗೊಟ್ಟು ಕಾಯತೊಡಗಿದ್ದಳು.

ಅದಾಗಿ ನಲವತ್ತೊಂದು ವರ್ಷ. ಹಜ್ಜಾ ಸಬೀಹಾ ಹೋದಳು. ಆರು ವರ್ಷದ ಹಿಂದೆ ಫೌಜಿಯೂ ಹೋದ. ಅವರಿಗೆ ಮಕ್ಕಳಿರಲಿಲ್ಲ. ಕೂರಾದ ಆಲಿವ್ ತೋಟಗಳ ನಡುವೆ ಮನೆ ಕಟ್ಟಿಕೊಂಡಿರುವ ಅವಳ ತಮ್ಮ ನಿಕೂಲಾ ಪ್ರತಿ ಈಸ್ಟರ್‌ಗೂ ಕೇಳುತ್ತಾನೆ: “ಅಲ್ಲಿ ನಿನ್ನೋರು ಅಂತ ಯಾರಿದಾರಕ್ಕ? ನಮ್ಮಲ್ಲಿಗೆ ಬಂದ್ಬಿಡು. ಇಗರ್ಜಿ ಎದುರಿಗೇ ಇದೆ, ಕೋಣೆ ಖಾಲಿ ಇದೆ.”

“ನಾನು ಬಂದ್ರೆ ಅಲ್ಲಿ ಉಪ್ಪು ನೋಡೋರು ಯಾರೋ?” ಎನ್ನುವಳು ಲಬೀಬೆ. ಎಲ್ಲರೂ ನಗುತ್ತಾರೆ. ಬೇರೆ ಉತ್ತರ ಅವಳ ಹತ್ತಿರ ಇರಲಿಲ್ಲ ಎನ್ನುವುದು ಈ ವರ್ಷದವರೆಗೆ ನನಗೂ ಹೊಳೆದಿರಲಿಲ್ಲ.

ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನಕ್ಕೆ ಬಿಟ್ಟಿತು. ಫೆಬ್ರವರಿಯ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದವಳು ನೇರ ಮೇಲೆ ಹೋದೆ. ಕರೆಂಟು ಇರಲಿಲ್ಲ. ಲೆಬನಾನಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಲಬೀಬೆ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕೂತಿದ್ದಳು. ಎದುರಿಗೆ ಕಾಫಿ ಬಟ್ಟಲಿನ ಐದು ಸಾಸರುಗಳು: ಉಪ್ಪು, ಸಕ್ಕರೆ, ಒಣ ಪುದೀನ, ಅರೆದ ಕಾಫಿಪುಡಿ, ಹುಳಿಗೆ ಹಾಕುವ ಕೆಂಪು ಸುಮಾಕ್ ಪುಡಿ.

“ಒಳ್ಳೇ ಹೊತ್ತಿಗೆ ಬಂದೆ,” ಎಂದಳು. “ನಾನು ಕಣ್ಣು ಮುಚ್ಕೋತೀನಿ. ಯಾವುದಾದ್ರೂ ಒಂದು ನಾಲಿಗೆ ಮೇಲಿಡು.”

ಸುಮಾಕ್ ಇಟ್ಟೆ.

ಅವಳು ಮಾಡಿನ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಳು. “ಸಕ್ಕರೆ?”

ನಾನು ಕೆಂಪು ಪುಡಿಯ ಸಾಸರನ್ನು ಅವಳ ಮುಂದೆ ಸರಿಸಿದೆ.

“ಅಲ್ಲ ಅಲ್ವಾ? ಮರಳು ಇಟ್ಟ ಹಾಗಾಯ್ತು. ಸಕ್ಕರೆನೂ ಮರಳೇ, ಉಪ್ಪೂ ಮರಳೇ. ವಾಸನೆನೂ ಇಲ್ಲ. ಎಷ್ಟು ವಿಚಿತ್ರ ಅಂತೀಯ! ಕಾಫಿ ಕುಡಿದ್ರೆ ಬಿಸಿ ಗೊತ್ತಾಗುತ್ತೆ, ಕಾಫಿ ಗೊತ್ತಾಗಲ್ಲ.” ಯಾರದೋ ನಾಲಿಗೆಯ ಸುದ್ದಿ ಹೇಳುವವಳ ಹಾಗೆ ಕುತೂಹಲದಿಂದ ಹೇಳಿದಳು. “ಡಾಕ್ಟರು, ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದ್ರು. ಅದನ್ನ ಹೇಳೋಕೆ ಡಾಕ್ಟರೇ ಬೇಕಾ?”

“ಅಜ್ಜಿಗೆ ಹೇಳಿದ್ಯಾ?”

“ಹೇಳ್ಬೇಡ. ರಂಜಾನ್‌ಗೆ ಇನ್ನೂ ಮೂರು ವಾರ ಇದೆ.”

“ಅಷ್ಟರಲ್ಲಿ ಬರದಿದ್ರೆ?”

ಅವಳು ಸಾಸರುಗಳನ್ನು ಒಂದರ ಮೇಲೊಂದು ಜೋಡಿಸಿದಳು. ಉಪ್ಪು, ಸಕ್ಕರೆ, ಪುದೀನ ಎಲ್ಲ ಬೆರೆತುಹೋದವು.

“ಬರದಿದ್ರೆ ನಿಕೂಲಾ ತೋಟದಲ್ಲಿ ಆಲಿವ್ ಆರಿಸ್ತೀನಿ,” ಎಂದಳು.

ಬರಲಿಲ್ಲ. ರಂಜಾನ್ ಬಂತು. ಅದರ ಎರಡು ದಿನಕ್ಕೆ ಲಬೀಬೆಯ ದೊಡ್ಡ ಉಪವಾಸವೂ ಶುರುವಾಯಿತು, ಈಸ್ಟರ್‌ವರೆಗೆ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ್ದು. ಎರಡು ಉಪವಾಸಗಳು ಹೀಗೆ ಒಟ್ಟಿಗೇ ಶುರುವಾಗುವುದು ಮೂವತ್ತು ಚಿಲ್ಲರೆ ವರ್ಷಕ್ಕೊಮ್ಮೆ. ಹಿಂದೆ ಹೀಗೇ ಬಂದಾಗ ನಮ್ಮ ಮನೆಯಲ್ಲಿ ಗಡಿಬಿಡಿಯಾಗಿತ್ತಂತೆ. ಕೋಳಿ ಬೆಂದ ನೀರನ್ನು ಲಬೀಬೆ ಬಾಯಿಗೆ ಹಾಕುವಂತಿಲ್ಲ, ಉಳಿದವರು ಏನನ್ನೂ ಹಾಕುವಂತಿಲ್ಲ. ಆಗ ಲಬೀಬೆ ಪಾದ್ರಿ ಇಸ್ಪಿರ್ ಅವರ ಹತ್ತಿರ ಓಡಿದ್ದಳು. “ನಾಲಿಗೆ ತುದಿಗೆ ಮುಟ್ಟಿಸಿ ಉಗಿದುಬಿಡು ಮಗಳೇ. ನುಂಗಿದ್ರೆ ತಾನೇ ತಿಂದ ಹಾಗೆ,” ಎಂದಿದ್ದರು ಅವರು. ಈ ವರ್ಷವೂ ಹಾಗೆಯೇ ಮಾಡಿದಳು. ಅಂಗೈಗೆ ಎರಡು ಹನಿ, ನಾಲಿಗೆಯ ತುದಿ, ಮಾಡಿನ ಕಡೆ ನೋಟ, ಆಮೇಲೆ ತೊಟ್ಟಿಗೆ ಉಗಿದು ತೀರ್ಪು.

ತೀರ್ಪು ಎಲ್ಲಿಂದ ಬರುತ್ತಿತ್ತೆಂದು ನನಗೆ ಮಾತ್ರ ಗೊತ್ತಿತ್ತು. ಮೊದಲೆರಡು ದಿನ ಬರೀ ಊಹೆ. ಮೂರನೆಯ ದಿನದಿಂದ ಅವಳು ಬೇಗ ಇಳಿದು ಬಂದು, ಈರುಳ್ಳಿ ಸುಲಿಯುವ ನೆಪದಲ್ಲಿ ಕೂತು, ಅಜ್ಜಿಯ ಬೆರಳುಗಳನ್ನೇ ನೋಡುತ್ತಿದ್ದಳು. ಪಾತ್ರೆ ಎಷ್ಟು ದೊಡ್ಡದು, ಉಪ್ಪಿನ ಡಬ್ಬಿಗೆ ಕೈ ಎಷ್ಟು ಸಲ ಹೋಯಿತು. ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡುವ ಹುಡುಗಿಯ ಹಾಗೆ. ಒಂದು ವಾರ ಹೇಗೋ ದಾಟಿತು.

ಮೊದಲ ಶುಕ್ರವಾರ ನಮ್ಮ ಓಣಿಯ ಮಸೀದಿಯ ಶೇಖ್ ನಜೀಹ್ ಅವರನ್ನು ಊಟಕ್ಕೆ ಕರೆಯುವುದು ವಾಡಿಕೆ. ಅಜ್ಜಿ ಮುಗ್ರಬಿಯೆ ಮಾಡಿದ್ದಳು: ರವೆಯ ದಪ್ಪ ಕಾಳು, ಕಡಲೆ, ಇಡೀ ಇಡೀ ಸಣ್ಣ ಈರುಳ್ಳಿ, ಕೋಳಿ. ಆ ದಿನ ಲಬೀಬೆಗೆ ಇಗರ್ಜಿಯಲ್ಲಿ ಪ್ರಾರ್ಥನೆ ಇತ್ತು, ಬರುವುದು ತಡವಾಯಿತು. ಸೌಟು ಬಡಿದಾಗ ಏದುಸಿರು ಬಿಡುತ್ತ ಬಂದಳು. ಅಜ್ಜಿಯ ಕೈ ಡಬ್ಬಿಗೆ ಎಷ್ಟು ಸಲ ಹೋಗಿತ್ತೋ ಅವಳು ನೋಡಿರಲಿಲ್ಲ. ಅಂಗೈಗೆ ಎರಡು ಹನಿ ಬಿಟ್ಟುಕೊಂಡಳು. ಮಾಡಿನ ಕಡೆ ನೋಡಿದಳು. ಉಗಿದಳು.

“ನಾಚ್ಕೊಂಡಿದೆ,” ಎಂದಳು.

ಅಜ್ಜಿ ಒಂದು ಕ್ಷಣ ಅವಳ ಮುಖ ನೋಡಿದಳು. “ಎಷ್ಟು?”

“ಒಂದು ಹಿಡಿ. ಸಣ್ಣ ಹಿಡಿ.”

ಅಜ್ಜಿ ಹಾಕಿದಳು.

ಟ್ರಿಪೋಲಿಯ ಕೋಟೆಯಿಂದ ಇಫ್ತಾರ್‌ನ ತೋಪು ಕೇಳಿತು. ಖರ್ಜೂರ, ನೀರು, ಬೇಳೆ ಸಾರು. ಆಮೇಲೆ ಮುಗ್ರಬಿಯೆ. ಮೊದಲ ತುತ್ತಿಗೆ ಶೇಖ್ ನಜೀಹ್ ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ಅಜ್ಜ ಚಮಚ ಕೆಳಗಿಟ್ಟ.

“ಬಂದರು ಇಲ್ಲಿಂದ ಎಷ್ಟು ದೂರ ನಾಜಿಕ್?” ಎಂದ. “ಸಮುದ್ರ ಮನೆಯೊಳಗೇ ಬಂದ ಹಾಗಿದೆಯಲ್ಲ.”

“ಊಟಕ್ಕೆ ಹೆಸರಿಡಬೇಡಿ ಹಾಜಿ,” ಎಂದರು ಶೇಖ್. “ಹಗಲೆಲ್ಲ ಬಾಯಾರಿದ್ದೆ. ಈಗ ಬಾಯಾರಿಕೆ ಅಂದ್ರೆ ಏನು ಅಂತ ಸರಿಯಾಗಿ ಗೊತ್ತಾಯ್ತು.” ಮೂರನೆಯ ಲೋಟಕ್ಕೆ ಕೈಚಾಚಿದರು.

ಎಲ್ಲರೂ ನಕ್ಕರು. ಲಬೀಬೆಯೂ ನಕ್ಕಳು. ಅವಳ ತಟ್ಟೆಯಲ್ಲಿದ್ದದ್ದು ಬೇಳೆ ಸಾರು, ರೊಟ್ಟಿ, ಆಲಿವ್ ಅಷ್ಟೆ. ಅವಳು ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದಳು, ಬಾಯಿಗೆ ಹಾಕುತ್ತಿರಲಿಲ್ಲ.

ಮಾರನೆಯ ದಿನ ಅಸರ್ ಆದ ಮೇಲೆ ಸೌಟು ಮೂರು ಸಲ ಬಡಿಯಿತು. ಚಪ್ಪಲಿಯ ಸಪ್ಪಳ ಕೇಳಲಿಲ್ಲ. ಅಜ್ಜಿ ಇನ್ನೊಮ್ಮೆ ಬಡಿದಳು. ನಾನು ಮೇಲೆ ಓಡಿದೆ. ಲಬೀಬೆ ಕನ್ನಡಿಯ ಮುಂದೆ ನಿಂತು ಇಗರ್ಜಿಗೆ ಹಾಕುವ ಕಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

“ನೆಗಡಿ ಅಂತ ಹೇಳು,” ಎಂದಳು. “ಹೇಳಿ ಬಾ. ಶೇಖ್ ಅವರ ಅಂಗಡಿಗೆ ಹೋಗೋಣ. ಒಂದು ವಿಷಯ ಕೇಳ್ಬೇಕು.”

ದಾರಿಯಲ್ಲಿ ಹೇಳಿದಳು. ರಾತ್ರಿಯೆಲ್ಲ ಅವಳ ತಲೆಯಲ್ಲಿ ಓಡಿದ್ದು ಪಾದ್ರಿ ಇಸ್ಪಿರ್ ಅವರ ಮಾತು. ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದರೆ ತನ್ನ ಉಪವಾಸ ಮುರಿಯುವುದಿಲ್ಲ ಎಂದಮೇಲೆ ನಾಜಿಕ್ ಅಕ್ಕನ ಉಪವಾಸ ಯಾಕೆ ಮುರಿಯಬೇಕು? ಇಷ್ಟು ವರ್ಷ ಇದನ್ನು ಯಾರೂ ಕೇಳಿಯೇ ಇಲ್ಲವಲ್ಲ? ಶೇಖ್ ಹೂಂ ಎಂದರೆ ಆ ಸುದ್ದಿಯನ್ನು ಅಕ್ಕನ ಕೈಗಿಟ್ಟು, ಇನ್ನು ನೀವೇ ನೋಡಿಕೊಳ್ಳಿ ಎಂದು ಹೇಳಬಹುದು. ನಾಲಿಗೆ ಸತ್ತದ್ದನ್ನು ಹೇಳಬೇಕಾಗಿಲ್ಲ. “ಕೆಲಸಕ್ಕೆ ಬಾರದೋಳು ಅಂತ ಅನ್ನಿಸ್ಕೊಂಡು ಹೋಗೋದು ಬೇರೆ, ಒಂದು ಉಪಕಾರ ಮಾಡಿ ಹೋಗೋದು ಬೇರೆ.”

“ಹೋಗೋದು ಅಂದ್ರೆ ಎಲ್ಲಿಗೆ?”

ಅವಳು ನಡಿಗೆ ಚುರುಕು ಮಾಡಿದಳು.

ಶೇಖ್ ನಜೀಹ್ ಮಸೀದಿಯ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆಯೆತ್ತಿದರು.

“ನಿನ್ನೆ ನಿಮಗೆ ಸಮುದ್ರ ಕುಡಿಸಿದ್ದು ನಾನು,” ಎಂದಳು ಲಬೀಬೆ. “ಕ್ಷಮಿಸ್ಬೇಕು. ಒಂದು ಪ್ರಶ್ನೆ ಇದೆ.”

“ನಿನ್ನ ಹತ್ರ ಪ್ರಶ್ನೆ ಇಲ್ಲದ ದಿನ ಯಾವುದಮ್ಮ? ಕೂತ್ಕೋ.”

ಅವಳು ಕೂರಲಿಲ್ಲ. ಕೇಳಿದಳು.

“ನೋಡಬಹುದು,” ಎಂದರು ಅವರು, ಬಹಳ ಸಣ್ಣ ವಿಷಯವೆಂಬಂತೆ. “ಅಡಿಗೆ ಮಾಡೋಳು ಬೇಕಾದ್ರೆ ನಾಲಿಗೆ ತುದೀಲಿ ನೋಡಬಹುದು. ಗಂಟಲಿಗೆ ಇಳೀಬಾರದು ಅಷ್ಟೆ.”

“ಯಾವಾಗಿಂದ?”

“ಯಾವಾಗಿಂದ ಅಂದ್ರೆ? ಮೊದಲಿಂದಾನೂ.”

“ಈ ವಿಷಯ ಹೆಂಗಸರಿಗೆ ಗೊತ್ತಾ?”

“ಗೊತ್ತಿಲ್ದೆ ಏನು! ನಮ್ಮ ತಾಯಿ ಹತ್ರ ಕುರಾನ್ ಕಲಿತ ಹುಡುಗೀರಿಗೆಲ್ಲ ಗೊತ್ತು. ನಿಮ್ಮ ನಾಜಿಕ್ ಕೂಡ ಅಲ್ಲೇ ತಾನೇ…” ಅಲ್ಲಿಗೆ ನಿಲ್ಲಿಸಿದರು. ಭೂತಗನ್ನಡಿ ತೆಗೆದು ಅವಳ ಮುಖ ನೋಡಿದರು. ಆಮೇಲೆ ಚಿಮಟ ಎತ್ತಿಕೊಂಡು, ಮೇಜಿನ ಮೇಲೆ ಇಲ್ಲದ ಒಂದು ತಿರುಪನ್ನು ಹುಡುಕತೊಡಗಿದರು.

ಬಂದರಿನ ಕಡೆಯ ಗಾಳಿ ಬೀಸುತ್ತಿತ್ತು. ದೋಣಿಗಳು ಒಂದಕ್ಕೊಂದು ತಾಗುತ್ತಿದ್ದವು. ಅರ್ಧ ದಾರಿ ಬಂದಮೇಲೆ ಲಬೀಬೆ ಕೇಳಿದಳು, “ನಿಂಗೂ ಗೊತ್ತಿತ್ತಾ?”

“ಶಾಲೇಲಿ ಹೇಳ್ಕೊಟ್ಟಿದ್ರು,” ಎಂದೆ. “ಆದ್ರೆ ನಮ್ಮ ಮನೇಲಿ ಚಿಕ್ಕಜ್ಜಿನೇ ನೋಡೋದು ಅಂತ ಅಂದ್ಕೊಂಡಿದ್ದೆ.”

“ನಾನೊಬ್ಬಳೇ ಹೊರಗಿನೋಳು ನೋಡು, ಗೊತ್ತಿಲ್ದೆ ಇದ್ದೋಳು,” ಎಂದಳು.

ಅಜ್ಜಿ ಅಡಿಗೆಮನೆಯಲ್ಲಿ ರೊಟ್ಟಿಚೂರು ಹಾಕುವ ಕೋಸಂಬರಿ ಫತ್ತೂಶ್‌ಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಲಬೀಬೆ ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತಳು.

“ಅಕ್ಕ, ನೀವೇ ಉಪ್ಪು ನೋಡಬಹುದಂತೆ.”

ಚಾಕು ನಿಂತಿತು. “ಯಾರಂದ್ರು?”

“ಶೇಖ್ ಅಂದ್ರು. ನಿಮಗೆ ಗೊತ್ತಿತ್ತಾ?”

“ಒಂಬತ್ತು ವರ್ಷದೋಳಿದ್ದಾಗಿಂದ ಗೊತ್ತು.”

“ಅತ್ತೆಗೆ?”

“ಹಜ್ ಮಾಡಿ ಬಂದೋಳಿಗೆ ಗೊತ್ತಿರಲ್ವೇನೇ?”

ಲಬೀಬೆ ಗೋಡೆಗೆ ಕೈ ಊರಿದಳು. “ಹಾಗಾದ್ರೆ ನಲವತ್ತೊಂದು ವರ್ಷ ನೀವೆಲ್ಲ ಸೇರಿ ನಾಟಕ ಆಡಿದ್ರಾ ನನ್ನ ಮುಂದೆ?”

“ಯಾವ ನಾಟಕ?” ಅಜ್ಜಿಗೂ ಸಿಟ್ಟು ಬಂತು. “ನೀನು ಹೇಳಿದ ಉಪ್ಪನ್ನೇ ತಾನೇ ನಾವೆಲ್ಲ ತಿಂದಿದ್ದು? ನಿನ್ನೆ ಕೂಡ ತಿಂದ್ವಿ!”

“ನಿನ್ನೆ ಜಾಸ್ತಿ ಆಗಿದೆ ಅಂತ ನಿಮಗೆ…”

“ನಾನೇ ಎರಡು ಸಲ ಹಾಕಿದ್ದೆ. ಗೊತ್ತಿತ್ತು.”

“ಮತ್ತೆ ಆ ಹಿಡಿ ಯಾಕೆ ಹಾಕಿದ್ರಿ?”

“ನೀನು ಹೇಳ್ದೆ, ಹಾಕ್ದೆ.”

ಒಲೆಯ ಮೇಲೆ ಸಾರು ಉಕ್ಕುವ ಹಾಗಾಯಿತು. ನಾನು ಉರಿ ಸಣ್ಣ ಮಾಡಿದೆ. ಇಬ್ಬರೂ ನನ್ನನ್ನು ಗಮನಿಸಲಿಲ್ಲ.

“ನನ್ನ ನಾಲಿಗೆ ಸತ್ತಿದೆ ಅಕ್ಕ,” ಎಂದಳು ಲಬೀಬೆ. “ಜ್ವರ ಬಂದಾಗಿಂದ.”

“ಅದೂ ಗೊತ್ತು.”

“ಅದೂ ಗೊತ್ತಾ!”

“ಎರಡನೇ ದಿನ ಸೊಪ್ಪಿನ ಸಾರಿಗೆ ಉಪ್ಪೇ ಹಾಕಿರ್ಲಿಲ್ಲ, ಮರ್ತಿದ್ದೆ. ಮಾತಾಡ್ತಿದೆ ಅಂದ್ಯಲ್ಲ ನೀನು.”

ಅಂಥ ಹೊತ್ತಿನಲ್ಲೂ ಲಬೀಬೆ ತಡೆಯಲಾರದೆ ಕೇಳಿದಳು: “ಹೇಗಿತ್ತು ಸಾರು?”

“ಸಪ್ಪೆ. ಹಾಜಿ ನಿಂಬೆಹಣ್ಣು ಹಿಂಡ್ಕೊಂಡು ಕುಡಿದ್ರು. ತುಟಿ ಪಿಟಕ್ ಅನ್ನಲಿಲ್ಲ.”

“ಅತ್ತೆ ಯಾಕೆ ಕರೆದ್ರು ನನ್ನ? ಅವತ್ತು, ಮೊದಲನೇ ಸಲ? ಗೊತ್ತಿದ್ದೂ ಯಾಕೆ?”

ಅಜ್ಜಿ ಸೌತೆಕಾಯಿಯ ತುದಿಯನ್ನು ನೋಡುತ್ತ ನಿಂತಳು. “ನಾನೂ ಕೇಳಿದ್ದೆ. ಮೇಲಿನವಳನ್ನ ಯಾಕೆ ಕರೀತೀರಿ, ನಾನೇ ನಾಲಿಗೆಗೆ ಮುಟ್ಟಿಸ್ತೀನಿ ಅಂದೆ. ನನ್ನ ಕೈಯಿಂದ ಸೌಟು ಕಿತ್ಕೊಂಡ್ರು. ‘ನಮಗೆಲ್ಲ ಈ ತಿಂಗಳು ಉಪವಾಸ ಅಂತ ಒಂದು ಕೆಲಸ ಇದೆ. ಅವಳು ಒಬ್ಬಳೇ ಮೇಲೆ ಕೂತು ಏನ್ ಮಾಡ್ತಾಳೆ?’ ಅಂದ್ರು. ಅಷ್ಟೇ. ಆಮೇಲೆ ಆ ಮಾತು ಎತ್ತಲಿಲ್ಲ.”

“ಹಾಗಂದ್ರಾ?”

“ಹಾಗೇ ಅಂದ್ರು.”

“ಸಿಟ್ಟಲ್ಲಿ ಅಂದ್ರಾ?”

“ಅವರು ಎಲ್ಲಾನೂ ಸಿಟ್ಟಲ್ಲೇ ಅಂತಿದ್ರು. ನಿಂಗೆ ಗೊತ್ತಿಲ್ವಾ?”

ಲಬೀಬೆ ಇನ್ನೇನನ್ನೂ ಕೇಳಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು. ಮೆಟ್ಟಿಲು ಹತ್ತಿ ಹೋದಳು. ಅಂದು ಇಫ್ತಾರ್‌ಗೆ ಅವಳು ಬರಲಿಲ್ಲ. ಅಜ್ಜಿ ಬೇಳೆ ಸಾರನ್ನು ಮುಚ್ಚಿ ಮೇಲೆ ಕಳಿಸಿದಳು. ತೆಗೆದುಕೊಂಡಳು, “ಸಾಕು, ಹೋಗು,” ಎಂದಳು.

ಭಾನುವಾರ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ಕಂದು ಕೋಟು, ಕೈಯಲ್ಲಿ ಬಟ್ಟೆಯ ಚೀಲ. ಇಗರ್ಜಿಗೆ ಯಾರೂ ಚೀಲ ಒಯ್ಯುವುದಿಲ್ಲ. ಇಗರ್ಜಿ ಬಿಟ್ಟ ಮೇಲೆ ನಿಕೂಲಾ ತನ್ನ ಕಾರಿನಲ್ಲಿ ಅವಳನ್ನು ಕೂರಾಕ್ಕೆ ಕರೆದುಕೊಂಡು ಹೋದನೆಂದು ಎದುರು ಮನೆಯವರು ಹೇಳಿದರು.

“ಹೋದ್ರೆ ಹೋಗ್ಲಿ,” ಎಂದಳು ಅಜ್ಜಿ. ಮಧ್ಯಾಹ್ನ ಪೂರ್ತಿ ಎರಡು ಸ್ಟವ್ ಉಜ್ಜಿದಳು. ಹುರಿದ ಹಸಿಗೋಧಿಯ ಫ್ರೀಕೆಗೆ ಮಾಂಸ ಹಾಕಿ ಬೇಯಲು ಇಟ್ಟಳು. ಅಸರ್ ನಮಾಜು ಮುಗಿಸಿ ಬಂದು, ಸೌಟು ಎತ್ತಿ, ಪೈಪಿಗೆ ಬಡಿದಳು. ಮೂರು ಸಲ.

ಅಜ್ಜ ಒಳಗಿನಿಂದ ಕೂಗಿದ: “ಅವಳು ಕೂರಾದಲ್ಲಿದ್ದಾಳೆ ಮಾರಾಯ್ತಿ! ನಿನ್ನ ಸೌಟು ಅಲ್ಲಿವರೆಗೆ ಕೇಳುತ್ತಾ?”

“ಕೈ ತಪ್ಪಿ ಬಡೀತು,” ಎಂದಳು ಅಜ್ಜಿ. ಅವಳ ಬೆನ್ನು ನನ್ನ ಕಡೆಗಿತ್ತು.

ಇಫ್ತಾರ್‌ಗೆ ಮುಕ್ಕಾಲು ಗಂಟೆ ಇರುವಾಗ ಬೀದಿಯ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಆಲಿವ್ ಎಣ್ಣೆಯ ಡಬ್ಬ, ಇನ್ನೊಂದರಲ್ಲಿ ಚೀಲ. ಲಬೀಬೆ ಎಣ್ಣೆಯ ಡಬ್ಬವನ್ನು ನೆಲಕ್ಕಿಟ್ಟಳು.

“ನಿಕೂಲಾ ಮನೇಲಿ ಏನೂ ಕೇಳೋ ಹಾಗಿಲ್ಲ,” ಎಂದಳು, ಯಾರನ್ನೂ ನೋಡದೆ. “ಅಲ್ಲಿ ಎಲ್ಲರಿಗೂ ಎಲ್ಲಾ ಗೊತ್ತು, ಎಲ್ಲರಿಗೂ ಒಂದೇ ಗೊತ್ತು. ಊಟಕ್ಕೆ ಕೂತ್ರೆ ಎಲ್ಲರ ತಟ್ಟೇಲೂ ಒಂದೇ ಕಡಲೆ. ಯಾಕೆ ಅಂತ ಕೇಳೋಕೆ ಯಾರೂ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆಲ್ಲ ನಿದ್ದೆ ಬಂತು ನಂಗೆ.” ಚೀಲವನ್ನು ನನ್ನ ಕೈಗಿಟ್ಟಳು. “ಇದನ್ನ ಮೇಲಿಟ್ಟು ಬಾ.”

ನಾನು ಹೋಗಲಿಲ್ಲ. ಚೀಲ ಹಿಡಿದು ಅಲ್ಲೇ ನಿಂತೆ.

ಅಜ್ಜಿ ಸೌಟು ಮುಂದೆ ಹಿಡಿದಳು. “ನೋಡು.”

“ಏನ್ ನೋಡ್ಲಿ? ನಂಗೆ ನಾಲಿಗೆ ಇಲ್ಲ, ನಿಮಗೆ ಗೊತ್ತು. ನಿಮಗೆ ಗೊತ್ತು ಅಂತ ನಂಗೂ ಗೊತ್ತು. ಇನ್ಯಾರ ಮುಂದೆ ನೋಡೋದು?” ಸೌಟನ್ನು ಮೆಲ್ಲಗೆ ಅಜ್ಜಿಯ ಕಡೆಗೇ ತಿರುಗಿಸಿದಳು. “ಇವತ್ತು ನೀವು ನೋಡಿ. ನಾನು ಕೇಳ್ತೀನಿ.”

“ನಾನಾ? ಒಂಬತ್ತು ವರ್ಷಕ್ಕೆ ಕಲಿತಿದ್ದು ಕಣೇ, ಒಂದು ಸಲಾನೂ ಮಾಡಿದ್ದಿಲ್ಲ.”

“ಮಾಡಿ.”

ಅಜ್ಜಿ ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು. ಬಿಸ್ಮಿಲ್ಲಾ ಎಂದಳು. ಕಣ್ಣು ಬಿಗಿಯಾಗಿ ಮುಚ್ಚಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನೆಕ್ಕುವವಳ ಹಾಗೆ ನಾಲಿಗೆ ತಾಗಿಸಿದಳು. ತಕ್ಷಣ ತೊಟ್ಟಿಗೆ ಓಡಿ ಉಗಿದು, ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿ, ಎದೆ ಹಿಡಿದುಕೊಂಡು ನಿಂತಳು.

“ಇಳೀತಾ? ಒಂದು ಚೂರು ಇಳೀತು ಅನ್ಸುತ್ತೆ.”

“ಏನೂ ಇಳಿದಿಲ್ಲ. ಹೇಗಿದೆ ಹೇಳಿ.”

“ಉಪ್ಪು ಇದೆ.”

“ಇದೆ ಅಂದ್ರೆ? ಹೋದ ವರ್ಷ ಈದ್ ಹಿಂದಿನ ದಿನ ಮಾಡಿದ್ರಲ್ಲ, ಅಷ್ಟಿದೆಯಾ, ಅದಕ್ಕಿಂತ ಕಮ್ಮಿನಾ?”

“ಅದು ಹೇಗಿತ್ತೋ ಯಾರಿಗೆ ನೆನಪಿದೆ!”

“ನಂಗಿದೆ. ನಾಲಿಗೆ ಹಿಂದೆ, ಬಲಗಡೆ, ಸ್ವಲ್ಪ ಹೊತ್ತು ನಿಂತಿತ್ತು. ಇದು ನಿಲ್ಲುತ್ತಾ?”

ಅಜ್ಜಿ ಬಾಯೊಳಗೆ ನಾಲಿಗೆ ತಿರುಗಿಸಿದಳು. ಮುಖದಲ್ಲಿ ಮಗುವಿನಂಥ ಬೆರಗು ಬಂತು. “ನಿಲ್ಲಲ್ಲ. ಬಂತು, ಹೋಯ್ತು.”

“ಹಾಗಿದ್ರೆ ಅರ್ಧ ಚಿಟಿಕೆ. ಅರ್ಧ ಅಂದೆ! ಅಕ್ಕ, ಇಷ್ಟು ವರ್ಷ ನಿಮ್ಮ ನಾಲಿಗೆ ಏನ್ ಮಾಡ್ತಿತ್ತು?”

“ಬೈಕೊಂಡು ಕೂತಿತ್ತು, ನಿನ್ನ.” ಅಜ್ಜಿ ಅರ್ಧ ಚಿಟಿಕೆ ಹಾಕಿ ಕಲಕಿದಳು. ಮತ್ತೆ ಎದೆಯ ಮೇಲೆ ಕೈಯಿಟ್ಟಳು. “ನಿಜವಾಗ್ಲೂ ಇಳೀತು ಕಣೇ. ಉಗುಳಿನ ಜೊತೆ ಹೋಯ್ತು. ಈ ವಯಸ್ಸಿಗೆ ನನ್ನ ಒಂದು ಉಪವಾಸ ಕೆಡಿಸಿದ್ಯಲ್ಲೇ.”

“ಕೆಡ್ತಾ ಇಲ್ವಾ ಅಂತ ಕೇಳೋಣ ಇರಿ.” ಲಬೀಬೆ ಆಗಲೇ ಬಾಗಿಲ ಕಡೆ ತಿರುಗಿದ್ದಳು. ಕಂದು ಕೋಟನ್ನು ಇನ್ನೂ ಬಿಚ್ಚಿರಲಿಲ್ಲ.

“ಈಗೆಲ್ಲಿಗೆ? ತೋಪು ಹಾರೋ ಹೊತ್ತಾಯ್ತು!”

“ಶೇಖ್ ಇನ್ನೂ ಅಂಗಡೀಲೇ ಇರ್ತಾರೆ. ನಿಮ್ಮದೊಂದು ಕೇಳ್ತೀನಿ, ನಂದೂ ಒಂದಿದೆ.” ಹೊಸ್ತಿಲು ದಾಟಿ ಓಣಿಗೆ ಇಳಿದಳು. ದನಿ ಗೋಡೆಗಳ ನಡುವೆ ದೊಡ್ಡದಾಯಿತು. “ನಾಲಿಗೆ ಇಲ್ಲದೋಳು ಹೇಳಿದ ಉಪ್ಪನ್ನ ಉಪವಾಸ ಇರೋಳು ನೋಡಿದ್ರೆ, ಆಗ ನೋಡಿದ್ದು ಯಾರ ಲೆಕ್ಕಕ್ಕೆ, ಅದನ್ನ ಪಾದ್ರಿನೂ ಒಪ್ಪಿ ಶೇಖೂ ಒಪ್ಪಿದ್ರೆ ಆಮೇಲೆ ನಾವಿಬ್ಬರೂ…” ಉಳಿದ ಪ್ರಶ್ನೆ ಅವಳ ಜೊತೆಗೇ ಓಣಿಯ ತಿರುವು ದಾಟಿಹೋಯಿತು.